ಕೋಡುಬಳೆ ಡಬ್ಬಿ ಚೀನಾದಲ್ಲಿ ಉಳಿದದ್ದು

ಹೊಟ್ಟೆಕಿಚ್ಚು ನನಗೆ ಹೊಸದಲ್ಲ. ಅಕ್ಕನ ಜಡೆ ನನ್ನ ಜಡೆಗಿಂತ ಉದ್ದವಿದೆ ಎಂದು ಒಂದಿಡೀ ಬೇಸಿಗೆ ರಜೆ ಅವಳ ಜತೆ ಸರಿಯಾಗಿ ಮಾತಾಡದೆ ಕಳೆದವಳು ನಾನು. ಆದರೆ ನಲವತ್ತೇಳನೆಯ ವಯಸ್ಸಿನಲ್ಲಿ, ಭೂಮಿಯ ಆ ತುದಿಯಲ್ಲಿರುವ, ಒಮ್ಮೆಯೂ ಎದುರಿಗೆ ನೋಡದ ಒಬ್ಬ ಹೆಂಗಸಿನ ಮೇಲೆ ನನ್ನ ಹೊಟ್ಟೆ ಇಷ್ಟು ಉರಿಯುತ್ತದೆ ಎಂದು ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ.

ನಾವಿರುವುದು ನೆದರ್‌ಲ್ಯಾಂಡ್ಸಿನ ವೂರ್‌ಬರ್ಗ್‌ನಲ್ಲಿ. ನಾನು ಮೈಸೂರಿನವಳು, ನನ್ನ ಗಂಡ ಬೆಳಗಾವಿಯವರು, ಇಬ್ಬರಿಗೂ ಕಂಪ್ಯೂಟರಿನ ಮುಂದೆ ಕೂರುವ ಕೆಲಸ. ಒಬ್ಬಳೇ ಮಗಳು. ಅವಳಿಗೆ ಮೂರು ವರ್ಷವಿದ್ದಾಗ ಇಲ್ಲಿಗೆ ಬಂದೆವು. ಕನ್ನಡದಲ್ಲಿ ಏನು ಹೇಳಿದರೂ ಅವಳಿಗೆ ಅರ್ಥವಾಗುತ್ತದೆ. ಉತ್ತರ ಮಾತ್ರ ಇಂಗ್ಲಿಷಿನಲ್ಲಿ, ಸಿಟ್ಟು ಬಂದರೆ ಡಚ್ಚಿನಲ್ಲಿ. ಎಂಟು ವರ್ಷದವಳಿದ್ದಾಗ ಭಾನುವಾರದ ಕನ್ನಡ ತರಗತಿಗೆ ಸೇರಿಸಿದ್ದೆ. ನಾಲ್ಕು ಭಾನುವಾರ ಹೋದಳು. ಐದನೆಯ ಭಾನುವಾರದಿಂದ ಸರಿಯಾಗಿ ಹತ್ತು ಗಂಟೆಗೆ ಹೊಟ್ಟೆನೋವು ಬರತೊಡಗಿತು. ಹನ್ನೆರಡಕ್ಕೆ, ತರಗತಿ ಮುಗಿಯುವ ಹೊತ್ತಿಗೆ, ಅದು ತಾನಾಗಿಯೇ ಹೋಗಿಬಿಡುತ್ತಿತ್ತು. ಎಳೆದಾಡಿ ಎಳೆದಾಡಿ ಕೊನೆಗೆ ನಾನೇ ಸೋತೆ. ಇಲ್ಲಿ ಬೆಳೆದ ಮಕ್ಕಳೆಲ್ಲ ಹೀಗೆಯೇ ಎಂದು ಸಮಾಧಾನ ಹೇಳಿಕೊಂಡೆ.

ಅದೇ ಮಗಳು ಇದೇ ದೇಶದ ಗ್ರೋನಿಂಗನ್‌ನಲ್ಲಿ ವಿಶ್ವವಿದ್ಯಾಲಯಕ್ಕೆ ಸೇರಿ ಚೀನಿ ಭಾಷೆ ಆರಿಸಿಕೊಂಡಳು. ರಜೆಗೆ ಮನೆಗೆ ಬಂದರೆ ಊಟದ ಮೇಜಿನ ಮೇಲೆ ಚೌಕಳಿ ಹಾಳೆಯ ಪುಸ್ತಕ ಹರಡಿಕೊಂಡು ಒಂದೊಂದು ಅಕ್ಷರವನ್ನೂ ಮೂವತ್ತು ಸಲ ಬರೆಯುತ್ತಿದ್ದಳು. ತುದಿ ಕೊಂಚ ಓರೆಯಾದರೂ ಹೊಡೆದುಹಾಕಿ ಮತ್ತೆ ಬರೆಯುವಳು. ನಾನು ಪಕ್ಕದಲ್ಲೇ ನಿಂತು ಚಪಾತಿ ಲಟ್ಟಿಸುತ್ತ ನೋಡುತ್ತಿದ್ದೆ. ಒಂದು ದಿನವೂ ಅವಳಿಗೆ ಹೊಟ್ಟೆನೋವು ಬರಲಿಲ್ಲ.

ಮಹಾಮಾರಿ ಬರುವುದಕ್ಕೆ ಹಿಂದಿನ ಬೇಸಿಗೆಯಲ್ಲಿ ಅವಳನ್ನು ಆರು ವಾರ ಚೀನಾಕ್ಕೆ ಕಳಿಸಿದರು. ಷಿಯಾನ್ ಎಂಬ ಊರು. ಬೆಳಿಗ್ಗೆ ಭಾಷೆಯ ಪಾಠ, ಮಧ್ಯಾಹ್ನ ಊರು ನೋಡುವುದು, ವಾಸ ಅಲ್ಲಿಯ ಒಂದು ಮನೆಯಲ್ಲಿ. ಬರಿಗೈಯಲ್ಲಿ ಹೋಗಬಾರದೆಂದು ನಾನು ಎರಡು ದಿನ ಕೂತು ಕೋಡುಬಳೆ ಮಾಡಿದೆ. ಹೊರಡುವ ಬೆಳಿಗ್ಗೆ ನನಗೆ ಆಫೀಸಿನ ಮೀಟಿಂಗ್. ಕಿವಿಗೆ ಹೆಡ್‌ಫೋನ್ ಹಾಕಿಕೊಂಡೇ, "ಯಾವುದಾದ್ರೂ ಡಬ್ಬಿ ತಗೊಂಡು ತುಂಬ್ಕೋ" ಎಂದು ಕೈಸನ್ನೆ ಮಾಡಿದೆ. ಅವಳು ಕಪಾಟು ತೆಗೆದು, ಇದ್ದುದರಲ್ಲಿ ಚೆಂದದ ಸ್ಟೀಲ್ ಡಬ್ಬಿಯನ್ನು ತೆಗೆದುಕೊಂಡಳು.

ಆ ಡಬ್ಬಿಯ ವಿಷಯ ಹೇಳಲೇಬೇಕು. ನಮ್ಮ ಕಡೆ ಪಾತ್ರೆ ಕೊಟ್ಟರೆ ಅದರ ಮೇಲೆ ಹೆಸರು ಹಾಕಿಸಿ ಕೊಡುತ್ತಾರೆ. ಪಾತ್ರೆ ಅಂಗಡಿಯವನು ಪುಟ್ಟ ಮೆಷಿನ್ನು ಹಿಡಿದು ಟರ್ರ್ ಎಂದು ಚುಕ್ಕೆ ಚುಕ್ಕೆಯಾಗಿ ಅಕ್ಷರ ಕೂರಿಸುತ್ತಾನೆ. ನನ್ನ ಮಗಳ ನಾಮಕರಣದ ದಿನ ನನ್ನ ಅಮ್ಮ ಕೊಟ್ಟ ಡಬ್ಬಿ ಅದು. ಹೊಟ್ಟೆಯ ಮೇಲೆ ಮೂರು ಸಾಲು. ಮೊದಲ ಸಾಲಿನಲ್ಲಿ 'ಚಿ.' ಎಂದು ಶುರುವಾಗಿ ನನ್ನ ಮಗಳ ಹೆಸರು. ಎರಡನೆಯದರಲ್ಲಿ 'ನಾಮಕರಣದ ನೆನಪಿಗೆ'. ಮೂರನೆಯದರಲ್ಲಿ 'ಅಜ್ಜಿ' ಎಂದು ಬರೆದು ಅಮ್ಮನ ಹೆಸರು. ಆ ಹುಡುಗಿಗೆ ಐದು ತುಂಬುವುದರೊಳಗೆ ಅಮ್ಮ ಹೋದಳು. ಅಮ್ಮನ ಕೈಯಿಂದ ನನ್ನ ಮಗಳಿಗೆ ಬಂದ ವಸ್ತು ಅದೊಂದೇ.

ಹೊತ್ತುಕೊಂಡು ಹೋದವಳಿಗೆ ಅದರ ಮೇಲೆ ಇರುವುದು ತನ್ನದೇ ಹೆಸರೆಂದು ಗೊತ್ತಿರಲಿಲ್ಲ. ಅವಳಿಗೆ ಕನ್ನಡ ಓದಲು ಬರುತ್ತಿರಲಿಲ್ಲ.

ಆರು ವಾರ ದಿನವೂ ಫೋಟೋ ಬರುತ್ತಿದ್ದವು. ಊರ ಸುತ್ತಲಿನ ಹಳೆಯ ಕೋಟೆಗೋಡೆಯ ಮೇಲೆ ಸೈಕಲ್ ತುಳಿಯುತ್ತಿರುವುದು, ನೆಲದಡಿಯಿಂದ ತೆಗೆದ ಮಣ್ಣಿನ ಸೈನಿಕರ ಸಾಲು, ಗಂಟೆ ಗೋಪುರ, ಅಂಗೈಯಗಲದ ನೂಡಲ್ಸು. ಗಂಡ ಸೋಫಾದಲ್ಲಿ ಕೂತು ಸೈನಿಕರನ್ನು ದೊಡ್ಡದು ಮಾಡಿ ಮಾಡಿ ನೋಡುತ್ತ, ಒಬ್ಬೊಬ್ಬನ ಮುಖವೂ ಬೇರೆ ಇದೆ ಎಂದು ಬೆರಗಾಗುತ್ತಿದ್ದರು. ನನಗೆ ಸೈನಿಕರು ಕಾಣಲೇ ಇಲ್ಲ. ನನಗೆ ಕಂಡದ್ದು ಮಗಳ ತಲೆಯ ಮೇಲೆ ಹಿಡಿದ ಹೂವಿನ ಛತ್ರಿ, ಮತ್ತು ಆ ಛತ್ರಿ ಹಿಡಿದಿದ್ದ ಕೈ. ಬಿಸಿಲಿನ ಫೋಟೋಗಳಲ್ಲೆಲ್ಲ ಆ ಕೈ ಇತ್ತು. ಗಿಡ್ಡ ಕೂದಲಿನ, ನನಗಿಂತ ಹತ್ತು ವರ್ಷ ದೊಡ್ಡವಳಿರಬಹುದಾದ ಹೆಂಗಸು. ಅಂಚೆ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತಳಾದವಳಂತೆ. ಮಗ ಎಲ್ಲೋ ದೂರದ ಊರಿನಲ್ಲಿ ಕೆಲಸಕ್ಕಿದ್ದಾನೆ, ಅವನ ಕೋಣೆಯೇ ನನ್ನ ಮಗಳ ಕೋಣೆ.

ಮಗಳು ಅವಳನ್ನು 'ಆಯೀ' ಎಂದು ಕರೆಯುತ್ತಿದ್ದಳು. ಚಿಕ್ಕಮ್ಮ, ಆಂಟಿ ಎಂದು ಅರ್ಥವಂತೆ. ಇರಬಹುದು. ಆದರೆ ನನ್ನ ಗಂಡನ ಮನೆಯಲ್ಲಿ ಹೆತ್ತ ತಾಯಿಯನ್ನೇ ಆಯಿ ಎನ್ನುತ್ತಾರೆ. ಫೋನಿನಲ್ಲಿ ಮಗಳು "ಆಯೀ, ಆಯೀ" ಎನ್ನುವುದು ಕೇಳಿದಾಗಲೆಲ್ಲ ನನ್ನ ಕಿವಿಗೆ ಯಾರೋ ಕಡ್ಡಿ ಹಾಕಿದ ಹಾಗಾಗುತ್ತಿತ್ತು.

ಮಗಳು ವಾಪಸು ಬಂದಳು. ಸ್ಕಿಪೋಲ್ ವಿಮಾನ ನಿಲ್ದಾಣದಲ್ಲಿ ತಬ್ಬಿಕೊಂಡು ಕಾರಿಗೆ ಹತ್ತಿದೊಡನೆ ಬ್ಯಾಗಿನಿಂದ ಫ್ಲಾಸ್ಕ್ ತೆಗೆದು ಬಿಸಿನೀರು ಕುಡಿದಳು. ನಾನು ಕನ್ನಡಿಯಲ್ಲಿ ನೋಡಿದೆ. ಹುಟ್ಟಿದಾಗಿನಿಂದ ಈ ಹುಡುಗಿಗೆ, "ಬಿಸಿನೀರು ಕುಡಿ, ಗಂಟಲಿಗೆ ಒಳ್ಳೇದು" ಎಂದು ಹೇಳಿ ಹೇಳಿ ನನ್ನ ಗಂಟಲೇ ಒಣಗಿತ್ತು. ಚಳಿಗಾಲದಲ್ಲೂ ನಲ್ಲಿಗೆ ಬಾಯಿ ಒಡ್ಡುವವಳು ಅವಳು.

"ಇದೇನೇ ಹೊಸದು?" ಎಂದೆ.

"ಹಾಟ್ ವಾಟರ್ ಈಸ್ ಗುಡ್ ಫಾರ್ ಯು, ಅಮ್ಮ. ಆಯೀ ಟೋಲ್ಡ್ ಮಿ."

ಗಂಡ ಸ್ಟೀರಿಂಗ್ ಹಿಡಿದುಕೊಂಡೇ ಖೊಕ್ ಎಂದು ನಕ್ಕರು. ನಾನು ರೇಡಿಯೋದ ದನಿ ಹೆಚ್ಚಿಸಿದೆ.

ಸೂಟ್‌ಕೇಸ್ ಬಿಚ್ಚಿದಾಗ ಚಹಾಪುಡಿ, ರೇಷ್ಮೆಯ ಸ್ಕಾರ್ಫ್, ಬೀಸಣಿಗೆ, ನನಗೊಂದು ಬಾಚಣಿಗೆ ಬಂತು. ಡಬ್ಬಿ ಬರಲಿಲ್ಲ.

"ಡಬ್ಬಿ ಎಲ್ಲಿ?"

"ಓ, ಅದಾ? ಆಯೀ ಲೈಕ್ಡ್ ಇಟ್ ಸೋ ಮಚ್. ಐ ಗೇವ್ ಇಟ್ ಟು ಹರ್."

"ಕೊಟ್ಬಿಟ್ಯಾ? ಅದರ ಮೇಲೆ ಏನು ಬರೆದಿತ್ತು ಅಂತ ನೋಡಿದ್ಯಾ?"

"ಇಟ್ಸ್ ಎ ಬಾಕ್ಸ್, ಅಮ್ಮ. ದೂ ನಾರ್ಮಾಲ್." ಅತಿಯಾಗಿ ಆಡಬೇಡ ಎಂದು ಈ ದೇಶದವರು ಮಕ್ಕಳಿಂದ ಮುದುಕರವರೆಗೆ ಎಲ್ಲರೂ ಎಲ್ಲರಿಗೂ ಹೇಳುವ ಮಾತು ಅದು.

ಏನು ಬರೆದಿತ್ತು ಎಂದು ಹೇಳಲು ಬಾಯಿ ತೆರೆದೆ, ಮುಚ್ಚಿಕೊಂಡೆ. ಹೇಳಿದ್ದರೆ ಮುಗಿದುಹೋಗುತ್ತಿತ್ತು, ಅವಳು ಪೆಚ್ಚಾಗಿ ಕ್ಷಮಿಸು ಎನ್ನುತ್ತಿದ್ದಳು. ಆದರೆ ನನಗೆ ಬೇಕಾದದ್ದು ಕ್ಷಮೆಯಲ್ಲ. ಅವಳು ತಾನಾಗಿ ಓದಬೇಕಿತ್ತು. ಎದುರಿಗಿದ್ದಾಗ ಓದಲಾರದ್ದನ್ನು ಕೊಟ್ಟು ಬಂದ ಮೇಲೆ ನಾನು ಓದಿ ಹೇಳಿದರೆ ಏನು ಬಂತು? ಆ ರಾತ್ರಿಯ ಊಟಕ್ಕೆ ಅನ್ನ ಸಾರು ಮಾತ್ರ ಮಾಡಿದೆ, ಹಪ್ಪಳ ಕೂಡ ಕರಿಯಲಿಲ್ಲ.

"ಒಂದು ಡಬ್ಬಿ ಸಲುವಾಗಿ ಇಷ್ಟ್ಯಾಕ ಹಾರಾಡ್ತಿ?" ಎಂದು ಗಂಡ ಪಾತ್ರೆ ಒರೆಸುತ್ತ ಕೇಳಿದರು. "ಆ ಹೆಣ್ಮಗಳು ನಮ್ಮ ಹುಡುಗೀನ ಆರು ವಾರ ನೋಡ್ಕೊಂಡಾರ. ಅವರಿಗೆ ಡಬ್ಬಿ ಅಲ್ಲ, ಕೊಪ್ಪರಿಗೀನ ಕೊಟ್ಟರೂ ಕಡಿಮಿನ."

"ನೋಡಿಕೊಂಡಿದ್ದೇ ನನಗೆ ಸಂಕಟ" ಎಂದೆ. ಅವರಿಗೆ ಅರ್ಥವಾಗಲಿಲ್ಲ. ಅವರು ಆ ಹೆಂಗಸಿಗೆ ಬಹುವಚನ ಕೊಡುತ್ತಾರೆ, ನನಗೆ ಈಗಲೂ ನಾಲಿಗೆ ಹೊರಳುವುದಿಲ್ಲ.

ಮುಂದಿನ ಬೇಸಿಗೆಗೂ ಅಲ್ಲಿಗೇ ಹೋಗುವುದೆಂದು ಮಗಳು ಚಳಿಗಾಲಕ್ಕೆ ಮೊದಲೇ ಹೆಸರು ಕೊಟ್ಟಳು. ಅಷ್ಟರಲ್ಲಿ ಚೀನಾದಿಂದ ಆ ಸುದ್ದಿ ಬರತೊಡಗಿತು. ಊರಿಗೆ ಊರೇ ಬಾಗಿಲು ಹಾಕಿಕೊಂಡ ಚಿತ್ರಗಳು ಟೀವಿಯಲ್ಲಿ. ಗ್ರೋನಿಂಗನ್‌ನಿಂದ ಮಗಳು ಫೋನ್ ಮಾಡಿ ಅತ್ತಳು. ಆಯೀ ಮನೆಯೊಳಗೇ ಇದ್ದಾಳೆ, ತರಕಾರಿ ಬಾಗಿಲಿಗೆ ತಂದಿಟ್ಟು ಹೋಗುತ್ತಾರೆ, ಒಬ್ಬಳೇ ಇದ್ದಾಳೆ. ಪಾಪ ಎಂದೆ. ಪಾಪ ಎನ್ನಿಸಿದ್ದೂ ನಿಜ. ಆದರೆ ಅದಕ್ಕೂ ಮೊದಲು, ಅರೆಗಳಿಗೆ, ಈ ಬೇಸಿಗೆಯಲ್ಲಿ ಇವಳು ಹೋಗುವ ಹಾಗಿಲ್ಲ ಎಂದು ನನಗೆ ಸಂತೋಷವಾಯಿತು. ಜಗತ್ತು ಸಾಯುತ್ತಿರುವಾಗ ಸಂತೋಷಪಟ್ಟೆ ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೆ ಪಟ್ಟಿದ್ದೆ.

ಮಾರ್ಚಿನಲ್ಲಿ ಇಲ್ಲಿಯೂ ಎಲ್ಲ ಮುಚ್ಚಿತು. ಮಗಳು ಎರಡು ಚೀಲ, ಒಂದು ಗಿಡದ ಕುಂಡ, ಆ ಫ್ಲಾಸ್ಕ್ ಹೊತ್ತುಕೊಂಡು ಖಾಲಿ ರೈಲಿನಲ್ಲಿ ವೂರ್‌ಬರ್ಗ್‌ಗೆ ಬಂದಳು. ಮೂವರೂ ಮನೆಯೊಳಗೆ, ಮೂರು ಕೋಣೆಗಳಲ್ಲಿ ಮೂರು ಲ್ಯಾಪ್‌ಟಾಪು. ಇನ್ನು ಇವಳು ನನ್ನವಳು ಎಂದುಕೊಂಡೆ. ದಿನಕ್ಕೊಂದು ತಿಂಡಿ ಮಾಡಿದೆ. ಅಕ್ಕಿರೊಟ್ಟಿ, ಪಡ್ಡು, ಶಾವಿಗೆ. ತಿಂದಳು, ಕೊಂಡಾಡಿದಳು, ಇಂಗ್ಲಿಷಿನಲ್ಲಿ.

ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಮಾತ್ರ ಅವಳು ನನ್ನವಳಲ್ಲ. ಅಲ್ಲಿ ಆಗ ಸಂಜೆಯ ನಾಲ್ಕು. ಮೇಜಿನ ಮೇಲೆ ಫೋನ್ ನಿಲ್ಲಿಸಿಕೊಂಡು ಆಯೀ ಜತೆ ಒಂದು ಗಂಟೆ ಮಾತು. ಹಿಂದೆ ಹೊಟ್ಟೆನೋವು ಬರುತ್ತಿದ್ದ ಅದೇ ಭಾನುವಾರ, ಅದೇ ಹತ್ತು ಗಂಟೆ. ನಾನು ದೋಸೆ ಹೊಯ್ಯುತ್ತ ಕೇಳಿಸಿಕೊಳ್ಳುತ್ತಿದ್ದೆ. ಒಂದು ಪದವೂ ತಿಳಿಯದಿದ್ದರೂ ದನಿ ತಿಳಿಯುತ್ತಿತ್ತಲ್ಲ. ತಡವರಿಸುತ್ತಾಳೆ, ನಗುತ್ತಾಳೆ, ಆ ಕಡೆಯವಳು ತಿದ್ದುತ್ತಾಳೆ, ಇವಳು ಬೇಸರವಿಲ್ಲದೆ ಮತ್ತೆ ಹೇಳುತ್ತಾಳೆ. ನಾನು ಒಂದು ಸಲ ಅವಳ ಕನ್ನಡ ತಿದ್ದಿದ್ದಕ್ಕೆ, ಅವಳಿಗೆ ಹನ್ನೊಂದು ವರ್ಷವಿದ್ದಾಗ, ಆವತ್ತಿನಿಂದ ಪೂರ್ತಿ ಇಂಗ್ಲಿಷಿಗೆ ಹೊರಟುಹೋಗಿದ್ದಳು.

ಏಪ್ರಿಲಿನಲ್ಲಿ ಆಯೀ ಕಳಿಸಿದ ಪಾರ್ಸೆಲ್ ಬಂತು. ಅಂಚೆಯವಳಲ್ಲವೆ, ಮೂಲೆ ಮೂಲೆಗೂ ಟೇಪು ಸುತ್ತಿ, ನೀರು ಬಿದ್ದರೂ ಒಳಗಿಳಿಯದ ಹಾಗೆ ಕಟ್ಟಿದ್ದಳು. ಒಳಗೆ ಮಾಸ್ಕುಗಳು, ಮೂರು ಕಂತೆ, ಒಂದೊಂದಕ್ಕೂ ಕೆಂಪು ದಾರ. ಇಲ್ಲಿ ಆಗ ಮಾಸ್ಕು ಹಾಕಿದವರನ್ನು ತಿರುತಿರುಗಿ ನೋಡುತ್ತಿದ್ದರು. "ದಿಸ್ ಒನ್ ಈಸ್ ಫಾರ್ ಯು" ಎಂದು ಮಗಳು ದಪ್ಪದ ಕಂತೆಯನ್ನು ನನ್ನ ಕೈಗಿತ್ತಳು. ನಾನು ಅದನ್ನು ಕಪಾಟಿನೊಳಗಿಟ್ಟು, ಹಳೆಯ ಮೈಸೂರು ಸಿಲ್ಕ್ ಬ್ಲೌಸಿನ ಅಸ್ತರು ಬಿಚ್ಚಿ ಎರಡು ಮಾಸ್ಕು ಹೊಲಿದುಕೊಂಡೆ. ಮುಂದೆ ರೈಲಿನಲ್ಲಿ ಕಡ್ಡಾಯವಾದಾಗಲೂ ಅದನ್ನೇ ಹಾಕಿಕೊಂಡು ಹೋದೆ. ಉಸಿರು ಕಟ್ಟುತ್ತಿತ್ತು, ಆದರೂ ಹಾಕಿಕೊಂಡೆ.

ಮೇ ತಿಂಗಳ ಒಂದು ಭಾನುವಾರ ಮಾತಿನ ನಡುವೆ ಮಗಳು ಕೂಗಿದಳು. "ಅಮ್ಮಾ, ಕಮ್ ಹಿಯರ್! ಆಯೀ ವಾಂಟ್ಸ್ ಟು ನೋ ಸಮ್‌ಥಿಂಗ್!"

ಕೈಯಲ್ಲಿ ಸೌಟು ಹಿಡಿದೇ ಹೋದೆ. ಪರದೆಯ ತುಂಬ ನಮ್ಮ ಡಬ್ಬಿ. ಆಕೆ ಅದನ್ನು ಫೋನಿನ ಹತ್ತಿರ ಹಿಡಿದು, ಅಕ್ಷರಗಳ ಮೇಲೆ ಬೆರಳಾಡಿಸುತ್ತಿದ್ದಳು. ಒಳಗೆ ಚಹಾಸೊಪ್ಪು. ಚೆನ್ನಾಗಿ ತಿಕ್ಕಿ ಇಟ್ಟಿದ್ದಳು, ನಮ್ಮ ಮನೆಯಲ್ಲಿದ್ದಾಗ ಅಷ್ಟು ಹೊಳೆಯುತ್ತಿರಲಿಲ್ಲ.

"ಶಿ ಈಸ್ ಆಸ್ಕಿಂಗ್ ಏನು ಬರ್ದಿದೆ ಅಂತ."

ಮೂರು ಸಾಲು ನನಗೆ ಬಾಯಿಪಾಠ. ಒಂದು ಉಸಿರಿನಲ್ಲಿ ಹೇಳಿ ಮುಗಿಸಬಹುದಿತ್ತು. ಒಂದು ವರ್ಷವಾಗುತ್ತ ಬಂದರೂ ನನ್ನ ಮಗಳು ಕೇಳದ ಪ್ರಶ್ನೆಯನ್ನು ಕೊನೆಗೂ ಕೇಳಿದವಳು ಅವಳು. ಆ ಉರಿಗೇ ಹೇಳಿದೆ, "ನೀನೇ ಓದ್ಕೋ."

"ಅಮ್ಮ, ಐ ಕಾಂಟ್ ರೀಡ್ ಇಟ್. ಯು ನೋ ದಟ್."

"ಸಾವಿರಗಟ್ಟಲೆ ಚೀನಿ ಅಕ್ಷರ ಓದ್ತೀಯಲ್ಲ. ಇದು ಐವತ್ತೂ ಇಲ್ಲ. ಓದ್ಕೊಂಡು ಅವಳಿಗೆ ನೀನೇ ಹೇಳು."

ಸಿಟ್ಟು ನನ್ನದೇ ಬಂದಿದೆ ಅವಳಿಗೆ. ಮೂಗಿನ ಹೊಳ್ಳೆ ಅರಳಿತು. "ಫೈನ್" ಎಂದಳು. "ಟೀಚ್ ಮಿ."

ಮಾರನೆಯ ದಿನವೇ ಶುರು. ಸಂಜೆ ಐದಕ್ಕೆ ಆಫೀಸಿನ ಲ್ಯಾಪ್‌ಟಾಪು ಮುಚ್ಚಿ, ಅದೇ ಊಟದ ಮೇಜು, ಅದೇ ಚೌಕಳಿ ಪುಸ್ತಕ. ಎದುರಿಗೆ ಈ ಸಲ ನಾನು. ಅವಳು ಕಲಿಯುವುದು ಚೀನಿ ಕಲಿತ ರೀತಿಯಲ್ಲೇ. ಒಂದೊಂದು ಅಕ್ಷರಕ್ಕೂ ಒಂದು ಚೀಟಿ. ಬರೆಯುವುದು ಯಾವ ಕಡೆಯಿಂದ ಶುರು, ಕೈ ಎಲ್ಲಿ ಎತ್ತಬೇಕು, ಎಷ್ಟು ಎಳೆ ಎಂದು ಕೇಳುವಳು. ನನಗೆ ಗೊತ್ತಿರಲಿಲ್ಲ. ನಲವತ್ತು ವರ್ಷದಿಂದ ಬರೆಯುತ್ತಿದ್ದೇನೆ, 'ಅ'ವನ್ನು ಎಲ್ಲಿಂದ ಶುರು ಮಾಡುತ್ತೇನೆಂದು ಒಮ್ಮೆಯೂ ನೋಡಿಕೊಂಡಿರಲಿಲ್ಲ. ನಾನು ನಿಧಾನವಾಗಿ ಬರೆಯುವುದು, ಅವಳು ಪಕ್ಕದಲ್ಲಿ ಬಗ್ಗಿ ನನ್ನ ಬೆರಳು ನೋಡುವುದು. ಅವಳ ಕೂದಲು ನನ್ನ ಮೊಣಕೈಗೆ ತಾಗುತ್ತಿತ್ತು. ಒತ್ತಕ್ಷರ ಬಂದಾಗ, "ವೈ ಡಸ್ ಇಟ್ ಗೋ ಡೌನ್ ದೇರ್?" ಎಂದು ರೇಗಿದಳು. "ಮೇಲೆ ಜಾಗ ಇಲ್ಲ, ಅದಕ್ಕೆ" ಎಂದೆ. ಆ ಸಂಜೆಗಳಷ್ಟು ಸುಖ ನನಗೆ ಈ ದೇಶದಲ್ಲಿ ಬೇರೆ ಸಿಕ್ಕಿಲ್ಲ.

ಸುಖವನ್ನು ಸುಮ್ಮನೆ ಅನುಭವಿಸುವ ಜಾಯಮಾನ ನನ್ನದಲ್ಲ. ಯಾರಿಗಾದರೂ ಅಕ್ಷರ ಕಲಿಸುವಾಗ ಮೊದಲು ಕಲಿಸುವುದು ಅವರ ಹೆಸರು. ನಾನು ಅವಳ ಹೆಸರಿನ ಅಕ್ಷರಗಳನ್ನು ಬೇಕೆಂದೇ ಹಿಂದಕ್ಕಿಟ್ಟೆ. ಅವು ಬಂದರೆ ಡಬ್ಬಿ ಓದಿಬಿಡುತ್ತಾಳೆ, ಓದಿದರೆ ಪಾಠ ಮುಗಿಯುತ್ತದೆ. ಒತ್ತಕ್ಷರ ಪೂರ್ತಿ ಮುಗಿಯುವ ತನಕ ಡಬ್ಬಿಯ ಫೋಟೋ ತೆಗೆದು ನೋಡಕೂಡದೆಂದು ಕರಾರು ಹಾಕಿದೆ. ಅವಳು ಒಪ್ಪಿಕೊಂಡಳು, ಒಪ್ಪಿದ ಹಾಗೆ ನಡೆದಳು ಕೂಡ. ಎರಡು ವಾರಕ್ಕೆ ಮುಗಿಯಬಹುದಾಗಿದ್ದನ್ನು ಆರು ವಾರ ಎಳೆದೆ. ಆರು ವಾರ ಎನ್ನುವುದು ನನ್ನ ಲೆಕ್ಕದಲ್ಲಿತ್ತು. ಆ ಆಯೀಗೆ ಸಿಕ್ಕಿದಷ್ಟು ನನಗೂ ಸಿಗಲಿ.

ಆದರೆ ಭಾನುವಾರ ಬಂದರೆ ಆ ವಾರ ಕಲಿತ ಅಕ್ಷರಗಳನ್ನೆಲ್ಲ ದೊಡ್ಡದಾಗಿ ಬರೆದು ಫೋನಿಗೆ ಹಿಡಿದು ತೋರಿಸುತ್ತಿದ್ದಳು. ಆಕೆ ಆ ಕಡೆ ಕನ್ನಡಕ ಏರಿಸಿಕೊಂಡು ನೋಡಿ ಹೆಬ್ಬೆರಳೆತ್ತುವಳು. ಇವಳ ಮುಖ ಇಷ್ಟಗಲ ಆಗುತ್ತಿತ್ತು. ವಾರವಿಡೀ ನಾನು "ಶಹಬ್ಬಾಸ್" ಎಂದಿದ್ದಕ್ಕೆ ಅರ್ಧವೂ ಆಗಿರಲಿಲ್ಲ. ನನ್ನ 'ಅ', ನನ್ನ 'ಳ', ಬಹುಮಾನ ಮಾತ್ರ ಅಲ್ಲಿಂದ. ದೋಸೆಕಲ್ಲಿನ ಕೆಳಗೆ ಒಲೆಗೆ ಬದಲು ನನ್ನ ಹೊಟ್ಟೆಯನ್ನೇ ಇಟ್ಟಿದ್ದರೆ ಸಾಕಿತ್ತು, ದೋಸೆ ಗರಿಗರಿಯಾಗಿ ಏಳುತ್ತಿತ್ತು.

ಜೂನಿನ ಕೊನೆಯ ಭಾನುವಾರದ ಹೊತ್ತಿಗೆ ಕಲಿಸದೆ ಉಳಿಸಿಕೊಳ್ಳಲು ನನ್ನ ಬಳಿ ಏನೂ ಇರಲಿಲ್ಲ. ಹಿಂದಿನ ಸಂಜೆ ಕೊನೆಯ ಎರಡು ಅಕ್ಷರ ಕೊಟ್ಟಿದ್ದೆ. ಅವನ್ನು ಬೇರೆ ಬೇರೆ ಹಾಳೆಗಳಲ್ಲಿ ಬರೆಸಿದ್ದೆ, ಪಕ್ಕಪಕ್ಕ ಬಾರದ ಹಾಗೆ.

ಗಂಡನೂ ಬಂದು ಕುರ್ಚಿ ಎಳೆದುಕೊಂಡರು. ಆಕೆ ಚಹಾಸೊಪ್ಪನ್ನು ಬೇರೆ ಪಾತ್ರೆಗೆ ಸುರಿದು, ಡಬ್ಬಿಯನ್ನು ಒರೆಸಿ, ಎರಡೂ ಕೈಯಲ್ಲಿ ಫೋನಿಗೆ ಹಿಡಿದಳು. ನಾನು ಮಗಳ ಹಿಂದೆ ನಿಂತೆ. ಕೈಯಲ್ಲಿ ದೋಸೆಯ ಸೌಟು ಹಾಗೇ ಇತ್ತು.

"ಚಿ" ಎಂದಳು ಮಗಳು. "ಚಿ ಅಂದ್ರೆ?"

"ಚಿರಂಜೀವಿ. ಚಿಕ್ಕೋರ ಹೆಸರಿನ ಮುಂದೆ ಹಾಕ್ತಾರೆ. ನೂರ್ಕಾಲ ಬಾಳ್ಲಿ ಅಂತ."

ಅವಳು ಮುಂದಿನ ಅಕ್ಷರ ಓದಿದಳು. ಅದರ ಮುಂದಿನದು. ಬೆರಳಿಟ್ಟು, ಒಂದೊಂದೇ, ಯಾರೋ ಗೊತ್ತಿಲ್ಲದವರ ಹೆಸರು ಓದುವ ಹಾಗೆ ಬಿಡಿಬಿಡಿಯಾಗಿ. ಕೊನೆಯ ಅಕ್ಷರಕ್ಕೆ ಬಂದವಳು ನಿಂತಳು. ಮತ್ತೆ ಮೊದಲಿನಿಂದ ಶುರು ಮಾಡಿ, ಈ ಸಲ ಕೂಡಿಸಿ ಹೇಳಿದಳು. ತಿರುಗಿ ನನ್ನನ್ನು ನೋಡಿದಳು.

"ಇದು ನಾನು" ಎಂದಳು.

ನಾನು ತಲೆಯಾಡಿಸಿದೆ. ಅವಳು ಪರದೆಗೆ ತಿರುಗಿ ಉಳಿದ ಎರಡು ಸಾಲನ್ನೂ ಓದಿದಳು. 'ನಾಮಕರಣ' ತಡವರಿಸಿತು. 'ಅಜ್ಜಿ' ಎಂಬಲ್ಲಿ ಒತ್ತಕ್ಷರ ಸಲೀಸಾಗಿ ಬಂತು. ಅಮ್ಮನ ಹೆಸರು ಓದುವಾಗ ದನಿ ಒಡೆಯಿತು. ಅವಳಿಗೆ ಅಜ್ಜಿಯ ಮುಖ ನೆನಪಿದೆಯೋ ಇಲ್ಲವೋ ನನಗೆ ಗೊತ್ತಿಲ್ಲ, ಕೇಳಿಲ್ಲ. ನಾನು ಅವಳ ಭುಜದ ಮೇಲೆ ಕೈ ಇಡಬೇಕೆಂದು ಸೌಟನ್ನು ಎಡಗೈಗೆ ಬದಲಾಯಿಸಿಕೊಂಡೆ.

ಅಷ್ಟರಲ್ಲಿ ಆ ಕಡೆಯಿಂದ ಆಕೆ ಏನೋ ಕೇಳಿದಳು. ಏಕೆ ಅಳುತ್ತಿದ್ದೀಯ ಎಂದಿರಬೇಕು. ಮಗಳು ಮೂಗು ಒರೆಸಿಕೊಂಡು ಹೇಳತೊಡಗಿದಳು, ಚೀನಿಯಲ್ಲಿ. ಬಹಳ ಹೊತ್ತು ಹೇಳಿದಳು. ತನ್ನ ಹೆಸರು ಬಂತು, ನನ್ನ ಅಮ್ಮನ ಹೆಸರು ಬಂತು, ಎರಡರ ಸುತ್ತ ನನಗೆ ತಿಳಿಯದ ಅಷ್ಟೊಂದು ಮಾತು. ನನ್ನ ಅಮ್ಮನ ವಿಷಯವನ್ನು ನನ್ನ ಮಗಳು, ನನ್ನ ಅಡುಗೆಮನೆಯಲ್ಲಿ ಕೂತು, ಮೊದಲು ಹೇಳಿದ್ದು ಅವಳಿಗೆ. ಕಲಿಸಿದವಳು ನಾನು. ಓದಿದ್ದು ಅವಳಿಗಾಗಿ. ನಾನು ಅಲ್ಲೇ ನಿಂತಿದ್ದೆ, ಇಡಬೇಕೆಂದಿದ್ದ ಕೈಯನ್ನು ಎಲ್ಲಿಡುವುದೆಂದು ತಿಳಿಯದೆ.

ಆಕೆ ಬಾಯಿಗೆ ಕೈ ಅಡ್ಡ ಹಿಡಿದಳು. ಡಬ್ಬಿಯನ್ನು ತೋಳಿನಿಂದ ಇನ್ನೊಮ್ಮೆ ಒರೆಸಿದಳು. ಆಮೇಲೆ ಇವಳನ್ನು ಬಿಟ್ಟು, ಇವಳ ಹಿಂದೆ ನಿಂತಿದ್ದ ನನ್ನನ್ನೇ ನೋಡುತ್ತ, ತಲೆ ಬಗ್ಗಿಸಿ ಏನೋ ಹೇಳಿದಳು, ಎರಡು ಸಲ.

"ಶಿ ಈಸ್ ಸಾರಿ, ಅಮ್ಮ" ಎಂದಳು ಮಗಳು. "ಶಿ ಡಿಡಂಟ್ ನೋ. ನಾಳೇನೇ ಪೋಸ್ಟ್ ಮಾಡ್ತಾರಂತೆ."

ಒಂದು ವರ್ಷದಿಂದ ನಾನು ಕಾದಿದ್ದ ಮಾತು. ಅಂಚೆಯವಳು ಕಟ್ಟಿದರೆ ಭದ್ರವಾಗಿಯೇ ಬರುತ್ತದೆ. ಹೂಂ ಕಳಿಸಲಿ ಎಂಬುದು ನಾಲಿಗೆಯ ತುದಿಯಲ್ಲಿತ್ತು. ಸಂಕೋಚಕ್ಕೂ ಬೇಡ ಎನ್ನುವವಳಲ್ಲ ನಾನು. ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಹೇಳುವುದಕ್ಕೆ ಮೊದಲು ಅವಳೇ ಹೇಳಿದಳು.

"ಬೇಡ ಅಮ್ಮ. ಅಲ್ಲೇ ಇರ್ಲಿ. ನಾನೇ ಹೋಗಿ ತರ್ತೀನಿ."

ಇಂಗ್ಲಿಷಿನ ಒಂದು ಪದವಿಲ್ಲ, ತಡವರಿಕೆಯಿಲ್ಲ, ಯಾರೂ ಹೇಳಿಸಿದ್ದಲ್ಲ, ತಾನಾಗಿ. ಇಷ್ಟು ವರ್ಷ ನಾನು ಬಾಯಿ ಬಿಟ್ಟುಕೊಂಡು ಕಾದಿದ್ದ ಕನ್ನಡ. ಅದು ಕೊನೆಗೂ ಬಂದದ್ದು ಇನ್ನೊಬ್ಬಳ ಮನೆಗೆ ಮತ್ತೆ ಹೋಗಲು ನನ್ನ ಅಪ್ಪಣೆ ಕೇಳುವುದಕ್ಕೆ. ಗಂಡ ಕೆಮ್ಮಿದರು. ಒಲೆಯ ಮೇಲೆ ದೋಸೆ ಸೀದ ವಾಸನೆ ಬರುತ್ತಿತ್ತು.

"ಆಯ್ತು, ಹೋಗಿ ತಗೊಂಡ್ ಬಾ" ಎಂದೆ.

ಚೀನಾದ ಬಾಗಿಲು ಆ ವರ್ಷ ತೆರೆಯಲಿಲ್ಲ. ಮರುವರ್ಷವೂ ಇಲ್ಲ, ಅದರ ಮರುವರ್ಷವೂ ಇಲ್ಲ. ಎರಡನೆಯ ಬೇಸಿಗೆಯ ಚೀನಿ ಪಾಠಗಳು ಅವಳಿಗೆ ಲ್ಯಾಪ್‌ಟಾಪಿನಲ್ಲೇ ಆದವು. ಊರು ತೋರಿಸುವುದೆಂದು ಅಲ್ಲಿಯ ಮೇಷ್ಟರೊಬ್ಬರು ಫೋನ್ ಹಿಡಿದುಕೊಂಡು ಕೋಟೆಯ ಮೇಲೆ ನಡೆದರಂತೆ, ಗಾಳಿಯ ಸದ್ದು ಬಿಟ್ಟರೆ ಏನೂ ಕೇಳಿಸಲಿಲ್ಲವಂತೆ. ಡಬ್ಬಿ ಅಲ್ಲೇ ಉಳಿಯಿತು. ಅದರೊಳಗೆ ಮತ್ತೆ ಚಹಾಸೊಪ್ಪು ಹಾಕಲು ಆಕೆ ಒಪ್ಪಲಿಲ್ಲ. ಬಟ್ಟೆ ಹಾಸಿದ ಕಪಾಟಿನ ಮೇಲೆ, ಅಕ್ಷರಗಳು ಎದುರಿಗೆ ಕಾಣುವ ಹಾಗೆ ಇಟ್ಟಳು. ಭಾನುವಾರಗಳಲ್ಲಿ ಆಕೆಯ ಹೆಗಲ ಹಿಂದೆ ಅದು ಕಾಣುತ್ತಿತ್ತು. ನಾನು ಏನಾದರೂ ನೆಪ ಮಾಡಿಕೊಂಡು, ಲೋಟವನ್ನೋ ನ್ಯಾಪ್ಕಿನ್ನನ್ನೋ ತೆಗೆದುಕೊಳ್ಳಲು ಮಗಳ ಹಿಂದೆ ಹಾದುಹೋಗಿ ನೋಡಿ ಬರುತ್ತಿದ್ದೆ. ಆಕೆಗೆ ಗೊತ್ತಾಗಿಬಿಟ್ಟಿತು. ನಾನು ಹಾದುಹೋಗುವಾಗ ಮಾತು ನಿಲ್ಲಿಸದೆಯೇ, ಕೊಂಚ ಪಕ್ಕಕ್ಕೆ ಸರಿದು ಕೂರತೊಡಗಿದಳು. ಅದನ್ನೂ ನನಗೆ ಸಹಿಸಲಾಗಲಿಲ್ಲ. ನನ್ನ ಅಮ್ಮನ ಹೆಸರು ನೋಡಲು ಅವಳು ದಾರಿ ಬಿಡಬೇಕೇ?

ಮಗಳ ಓದು ಮುಗಿಯಿತು, ಕೆಲಸ ಸಿಕ್ಕಿತು, ಬೇರೆ ಮನೆ ಮಾಡಿದಳು. ನನ್ನ ಜತೆ ಕನ್ನಡದಲ್ಲಿ ಒಂದು ನಾಲ್ಕು ಮಾತಾಡುತ್ತಾಳೆ, ಮುಂದಿನದು ಮತ್ತೆ ಇಂಗ್ಲಿಷ್. ಫೋನಿನಲ್ಲಿ ಕಳಿಸುವ ಸಂದೇಶವನ್ನು ಮಾತ್ರ ಕನ್ನಡ ಅಕ್ಷರದಲ್ಲೇ ಬರೆಯುತ್ತಾಳೆ. ಕಾಗುಣಿತ ತಪ್ಪಿರುತ್ತದೆ. ನಾನು ತಿದ್ದುವುದಿಲ್ಲ.

ಚೀನಾ ಕೊನೆಗೂ ಬಾಗಿಲು ತೆರೆದ ಬೇಸಿಗೆಯಲ್ಲಿ ಅವಳು ರಜೆ ಹಾಕಿ ಟಿಕೆಟ್ ಮಾಡಿಸಿದಳು. ಹೊರಡುವ ಹಿಂದಿನ ದಿನ ನಮ್ಮ ಮನೆಗೆ ಬಂದಳು. ನಾನು ಎರಡು ದಿನ ಕೂತು ಕೋಡುಬಳೆ ಮಾಡಿಟ್ಟಿದ್ದೆ. ಖಾರ ಕಡಿಮೆ ಹಾಕಿದ್ದೆ, ಆಕೆಗೆ ಖಾರ ಆಗುವುದಿಲ್ಲವಂತೆ. ಮಗಳು ಕಪಾಟಿನ ಬಾಗಿಲು ತೆಗೆದಳು. ಮುಂದಿನ ಸಾಲಿನ ಡಬ್ಬಿಗಳ ಮೇಲಿನ ಹೆಸರುಗಳನ್ನು ಒಂದೊಂದಾಗಿ ತುಟಿಯಾಡಿಸಿ ಓದಿ, ಯಾವುದನ್ನೂ ಮುಟ್ಟದೆ ನನ್ನ ಕಡೆ ತಿರುಗಿ, "ಯಾವ್ದು ತಗೊಳ್ಲಿ?" ಎಂದಳು.

"ಅಲ್ಲಿಂದ ಒಂದೂ ಇಲ್ಲ" ಎಂದೆ.

ಖಾಲಿಯಾದ ಐಸ್‌ಕ್ರೀಮ್ ಡಬ್ಬವನ್ನು ತೊಳೆದು ಒಣಗಿಸಿ ಇಟ್ಟಿದ್ದೆ. ಅದಕ್ಕೆ ಕೋಡುಬಳೆ ತುಂಬಿದೆ. ವಾಪಸು ಬಾರದಿದ್ದರೆ ಹೋಗಲಿ. ಸುತ್ತ ಟೇಪು ಹಾಕಿದೆ, ಮೂಲೆ ಮೂಲೆಗೂ, ನನಗೂ ಬರುತ್ತದೆ ಎಂದು ಗೊತ್ತಾಗಲಿ. ಮಗಳು ಸೂಟ್‌ಕೇಸ್ ತರಲು ಹೋದಳು. ಆಗ ಡ್ರಾಯರಿನಿಂದ ಕಪ್ಪು ಮಾರ್ಕರ್ ತೆಗೆದು ಮುಚ್ಚಳದ ಮೇಲೆ ನನ್ನ ಹೆಸರು ಬರೆದೆ, ಕನ್ನಡದಲ್ಲಿ, ದೊಡ್ಡದಾಗಿ. ಆಕೆ ಇದೇನೆಂದು ಕೇಳಲಿ. ಇವಳು ಓದಿ ಹೇಳಲಿ.